"ನಿಮ್ಮ ಕಥೆಯ ಅಪ್ಪ ಮಗ್ಗದ ಮುಂದೆ ಕೂತವನಲ್ಲ": ಇಂಥ ಟೀಕೆ ಬಂದರೆ ಏನು ಮಾಡುತ್ತೀರಿ?

ಉಣಕಲ್ ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯವಳು. ಕೆಲಸ, ಮನೆ ಎಲ್ಲ ಮುಗಿದ ಮೇಲೆ ರಾತ್ರಿ ಕೂತು ಕಥೆ ಬರೆಯುತ್ತೇನೆ. ಸದ್ಯ ಕಥೆಗಳ ಪ್ರತಿಲಿಪಿ ಆ್ಯಪ್‌ನಲ್ಲಿ ಒಂದು ಧಾರಾವಾಹಿ ನಡೆದಿದೆ. ಗದಗಿನ ಪಕ್ಕದ ಬೆಟಗೇರಿಯ ಒಂದು ನೇಕಾರರ ಮನೆ. ಅಪ್ಪ ಗುಂಡಿಮಗ್ಗದಲ್ಲಿ ಸೀರೆ ನೇಯುತ್ತಾನೆ. ಮಗನಿಗೆ ಮಗ್ಗ ಬೇಡ, ಹುಬ್ಬಳ್ಳಿಗೆ ಹೋಗಿ ಮೊಬೈಲ್ ರಿಪೇರಿ ಅಂಗಡಿ ಹಾಕಬೇಕು. ಅತ್ತೆ, ಸೊಸೆ, ಸಾಲ ಎಲ್ಲ ಬರುತ್ತದೆ.

ಕಮೆಂಟುಗಳಲ್ಲಿ ಮುಕ್ಕಾಲು ಪಾಲು "ಸೂಪರ್ ಮೇಡಂ", "ಮುಂದಿನ ಭಾಗ ಬೇಗ ಹಾಕಿ". ಓದಿದರೆ ಖುಷಿಯಾಗುತ್ತದೆ. ಆದರೆ ಅಪ್ಪ-ಮಗ ಜಗಳವಾಡುವ ಭಾಗ ಹಾಕಿದ ಮೇಲೆ ಒಬ್ಬರು ಉದ್ದಕ್ಕೆ ಬರೆದರು. "ಜಗಳ ಶುರುವಾದಾಗಿನಿಂದ ಮುಗಿಯುವವರೆಗೆ ಮಗ್ಗ ಒಂದೇ ಸಮ ಓಡುತ್ತದೆ. ಅಪ್ಪ ಎರಡು ಪುಟ ಭಾಷಣ ಮಾಡುತ್ತಾನೆ. ನಿಮ್ಮ ಕಥೆಯ ಅಪ್ಪ ಮಗ್ಗದ ಮುಂದೆ ಕೂತವನಲ್ಲ." ಎರಡು ಸ್ಟಾರ್ ಕೊಟ್ಟಿದ್ದಾರೆ.

ಅವತ್ತಿನಿಂದ ಮುಂದಿನ ಭಾಗ ಬರೆಯಲು ಕೈ ಏಳುತ್ತಿಲ್ಲ. ಇದೊಂದೇ ಅಲ್ಲ. ಇನ್ನೊಬ್ಬರು ಮಗನನ್ನು ಊರಿಗೆ ವಾಪಸ್ ಕರೆಸಿ, ಇಲ್ಲವಾದರೆ ಓದುವುದು ಬಿಡುತ್ತೇನೆ ಎಂದಿದ್ದಾರೆ. ಬೆಂಗಳೂರಿನ ಓದುಗರಿಗೆ ನಮ್ಮ ಕಡೆ ಮಾತು ತಿಳಿಯುತ್ತಿಲ್ಲವಂತೆ. ಗದಗಿನ ಒಬ್ಬರಿಗೆ ಅದೇ ಮಾತು ಖರೇ ಅನ್ನಿಸುತ್ತಿಲ್ಲವಂತೆ. ಮೇಲಾಗಿ ಕಥೆಯ ಸೊಸೆ ತಾನೇ ಎಂದು ತಿಳಿದು ನಮ್ಮ ವೈನಿ (ಅತ್ತಿಗೆ) ಮಾತು ಬಿಟ್ಟಿದ್ದಾರೆ.

ಇದರಲ್ಲಿ ಯಾವುದಕ್ಕೆ ಕಿವಿ ಕೊಡಬೇಕು, ಯಾವುದಕ್ಕೆ ಉತ್ತರ ಬರೆಯಬೇಕು, ಯಾವುದನ್ನು ಬಿಟ್ಟುಬಿಡಬೇಕು? ಬರೆಯುವವರು, ಓದುವವರು ಇಬ್ಬರೂ ಹೇಳಿ.

ರಾಣೆಬೆನ್ನೂರು ಅಕ್ಕ

ತಂಗಿ, ಮೊದಲು ಒಂದು ಮಾತು. ಕಮೆಂಟ್ ಬಂದ ದಿನ ಉತ್ತರ ಬರೆಯಬೇಡ. ಒಳ್ಳೆಯದಕ್ಕೂ ಬೇಡ, ಕೆಟ್ಟದ್ದಕ್ಕೂ ಬೇಡ. ಅವತ್ತು ನಾವು ಬರೆಯುವುದೆಲ್ಲ "ನೀವು ಸರಿಯಾಗಿ ಓದಿಲ್ಲ" ಎಂಬಲ್ಲಿಗೇ ಹೋಗಿ ಮುಟ್ಟುತ್ತದೆ. ಓದುಗರಿಗೆ ಓದಲು ಬರುವುದಿಲ್ಲ ಎಂದು ವಾದ ಮಾಡಿ ಗೆದ್ದ ಲೇಖಕರನ್ನು ನಾನು ಇನ್ನೂ ನೋಡಿಲ್ಲ. ಕಮೆಂಟನ್ನು ಎಲ್ಲರೂ ಓದುತ್ತಾರೆ, ಜಗಳ ನೋಡಿ ಹೋಗುತ್ತಾರೆ, ಕಥೆ ಓದುವುದಿಲ್ಲ.

ನಾನು ಧಾರಾವಾಹಿ ಬರೆಯುವಾಗ ಒಂದು ನೋಟ್‌ಬುಕ್ ಇಟ್ಟಿರುತ್ತೇನೆ. ಕಮೆಂಟಿನಲ್ಲಿ ಕಥೆಯ ಯಾವುದಾದರೂ ಒಂದು ಜಾಗದ ಮಾತು ಇದ್ದರೆ ಅದನ್ನು ಅಲ್ಲಿ ಬರೆದುಕೊಳ್ಳುತ್ತೇನೆ. "ಚೆನ್ನಾಗಿಲ್ಲ" ಎಂಬುದು ಆ ಪುಸ್ತಕಕ್ಕೆ ಹೋಗುವುದಿಲ್ಲ. "ಸೂಪರ್" ಕೂಡ ಹೋಗುವುದಿಲ್ಲ. "ಆಸ್ಪತ್ರೆ ದೃಶ್ಯದಲ್ಲಿ ಇಬ್ಬರು ನರ್ಸುಗಳಲ್ಲಿ ಯಾರು ಮಾತಾಡುತ್ತಿದ್ದಾರೆ ತಿಳಿಯಲಿಲ್ಲ" ಎಂಬುದು ಹೋಗುತ್ತದೆ. ಅದನ್ನು ಒಬ್ಬರೇ ಹೇಳಿದ್ದರೂ ಸರಿ. ಅಂಥದ್ದನ್ನು ಬರೆಯಲು ಅವರು ಮತ್ತೆ ಹಿಂದೆ ಹೋಗಿ ನೋಡಿರುತ್ತಾರೆ ಅಲ್ವಾ? ನಿಮ್ಮ ಎರಡು ಸ್ಟಾರ್ ಓದುಗರು ಮಗ್ಗ ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು ಎಂದು ನೋಡಿದ್ದಾರೆ. ನಿನ್ನ ಕಮೆಂಟುಗಳಲ್ಲಿ ಅಷ್ಟು ಗಮನ ಕೊಟ್ಟು ಓದಿದವರು ಬಹುಶಃ ಅವರೊಬ್ಬರೇ.

ಮಗನನ್ನು ವಾಪಸ್ ಕರೆಸಿ ಎನ್ನುವವರದು ಬೇರೆ. ಅವರಿಗೆ ಆ ಹುಡುಗನ ಮೇಲೆ ಜೀವ ಇದೆ. ಅದು ನಿನ್ನ ಕಥೆಗೆ ಒಳ್ಳೆಯ ಸುದ್ದಿ. ಅವರು ಹೇಳಿದಂತೆ ಕಥೆ ತಿರುಗಿಸಬೇಕಿಲ್ಲ. "ನಿಮ್ಮಷ್ಟೇ ಸಂಕಟ ನನಗೂ ಆಗಿದೆ, ಮುಂದೆ ನೋಡೋಣ" ಎಂದರೆ ಸಾಕು.

ಬೆಟಗೇರಿ ಗುಂಡಿಮಗ್ಗ

ಅಕ್ಕಾ, ನಾನು ಆ ಕಮೆಂಟ್ ಬರೆದವನಲ್ಲ. ಆದರೆ ನಮ್ಮದು ಮಗ್ಗದ ಮನೆ. ಅಪ್ಪ ಈಗಲೂ ನೇಯುತ್ತಾರೆ. ಆ ಕಮೆಂಟ್ ಬರೆದವರು ಹೇಳಿದ್ದರಲ್ಲಿ ಹುರುಳಿದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗುಂಡಿಮಗ್ಗದಲ್ಲಿ ನೇಯುವವರ ಕಾಲು ಗುಂಡಿಯೊಳಗೆ ಇರುತ್ತದೆ, ತುಳಿಯುತ್ತಾ ಇರಬೇಕು. ಒಂದು ಕೈ ಹಗ್ಗ ಜಗ್ಗುತ್ತದೆ, ಲಾಳಿ ಆ ಕಡೆಯಿಂದ ಈ ಕಡೆ ಹೋಗುತ್ತದೆ. ಇನ್ನೊಂದು ಕೈ ಹೊಕ್ಕಿನ ಎಳೆಯನ್ನು ಬಡಿದು ಕೂರಿಸಬೇಕು. ಕಣ್ಣು ಹಾಸಿನ ಮೇಲೆ. ಮಾತಾಡುತ್ತಾ ನೇಯಬಹುದು, ದಿನಾ ನೇಯುತ್ತಾರೆ. ಆದರೆ ಮಾತು ತುಂಡು ತುಂಡಾಗಿರುತ್ತದೆ. ಎರಡು ಪುಟದ ಮಾತು ಬರುವುದಿಲ್ಲ. ಸಿಟ್ಟು ಬಂದರೆ ಬಾಯಿಗಿಂತ ಮೊದಲು ಕೈಯಲ್ಲಿ ಗೊತ್ತಾಗುತ್ತದೆ, ಬಡಿತ ಜೋರಾಗುತ್ತದೆ. ಬೇರೆ ಕೋಣೆಯಲ್ಲಿ ಇದ್ದರೂ ನಮ್ಮವ್ವನಿಗೆ ತಿಳಿಯುತ್ತದೆ.

ಇನ್ನು ಲಾಳಿಯಲ್ಲಿ ಕಂಡಿಕೆ, ಅಂದರೆ ನೂಲು ಸುತ್ತಿದ ಸಣ್ಣ ಕೊಳವೆ, ಇರುತ್ತದೆ. ನೂಲು ಮುಗಿದರೆ ಮಗ್ಗ ನಿಲ್ಲಿಸಿ ಬೇರೆ ಕಂಡಿಕೆ ಹಾಕಬೇಕು. ಎಳೆ ಹರಿದರೂ ನಿಲ್ಲಿಸಬೇಕು, ತುದಿ ಹುಡುಕಿ ಗಂಟು ಹಾಕಬೇಕು. ಹರಿದ ಎಳೆ ಬಿಟ್ಟು ಮುಂದೆ ನೇಯ್ದರೆ ಸೀರೆಯಲ್ಲಿ ಕಾಣುತ್ತದೆ, ಕೂಲಿಯಲ್ಲಿ ಹಿಡಿಯುತ್ತಾರೆ. ಹಾಗಾಗಿ ಜಗಳ ಎಷ್ಟೇ ದೊಡ್ಡದಿರಲಿ, ಎಳೆ ಹರಿದಾಗ ಅಪ್ಪ ತಲೆ ತಗ್ಗಿಸಲೇಬೇಕು. ನಿಮ್ಮ ದೃಶ್ಯದಲ್ಲಿ ಇದನ್ನು ತಂದರೆ ಭಾಷಣ ತಾನೇ ಕಡಿಮೆಯಾಗುತ್ತದೆ. ಮನೆಯಲ್ಲಿ ಕಂಡಿಕೆ ಸುತ್ತುವವರು ಹೆಂಗಸರು, ಮಕ್ಕಳು. ನಿಮ್ಮ ಕಥೆಯ ಸೊಸೆ ಆ ಹೊತ್ತಿಗೆ ಎಲ್ಲಿದ್ದಳು? ಅವಳೂ ಅಲ್ಲೇ ಕೂತು ಎಲ್ಲ ಕೇಳಿಸಿಕೊಂಡಿರುತ್ತಾಳೆ.

ಬ್ಯಾಡಗಿ ಪೇಟೆ

ನಾನು ಬರೆಯುವವನಲ್ಲ, ಓದುವವನು. ಉದ್ದನೆಯ ಕಮೆಂಟ್ ಬರೆಯುವ ಜಾತಿಯವನು. ಅದಕ್ಕೆ ನಮ್ಮ ಕಡೆಯ ಮಾತನ್ನೂ ಹೇಳುತ್ತೇನೆ.

ಒಬ್ಬರ ಕಥೆಯಲ್ಲಿ ಬ್ಯಾಡಗಿ ಮಾರುಕಟ್ಟೆ ಬಂತು. ಶ್ರಾವಣ ಮಾಸ, ಅಂಗಳದ ತುಂಬ ಕೆಂಪು ಮೆಣಸಿನಕಾಯಿ ಒಣಗಿಸಿದ್ದಾರೆ. ನಾಯಕಿ ಒಂದು ಕಾಯಿ ಕಚ್ಚಿ ಖಾರಕ್ಕೆ ಕಣ್ಣೀರು ಸುರಿಸುತ್ತಾಳೆ. ಶ್ರಾವಣದಲ್ಲಿ ಮಳೆ ಇರುತ್ತದೆ, ಗಿಡ ಇನ್ನೂ ಎಳೆಯದು. ಹಣ್ಣು ಕಾಯಿ ಬಿಡಿಸಿ ಒಣಗಿಸುವುದು ಚಳಿಗಾಲಕ್ಕೆ. ಪೇಟೆ ತುಂಬುವುದು ಜನವರಿಯಿಂದ ಬೇಸಿಗೆಯವರೆಗೆ. ಮತ್ತೆ ಬ್ಯಾಡಗಿ ಕಾಯಿಗೆ ಹೆಸರು ಬಂದಿದ್ದು ಬಣ್ಣಕ್ಕೆ, ಖಾರಕ್ಕೆ ಅಲ್ಲ. ಖಾರ ಬೇಕಾದರೆ ಗುಂಟೂರು ಕಾಯಿ. ನಮ್ಮಲ್ಲಿ ಡಬ್ಬಿ, ಕಡ್ಡಿ ಎಂದು ಎರಡು ತರಹ ಇದೆ, ಡಬ್ಬಿಯಂತೂ ಖಾರ ಬಹಳ ಕಡಿಮೆ. ಪೇಟೆಯಲ್ಲಿ ಕಣ್ಣೀರು ಬರುವುದು ನಿಜ, ಅದು ಧೂಳಿನ ಘಾಟಿಗೆ. ಚೀಲ ಸುರಿಯುವಾಗ ಹೊಸಬರು ಕೆಮ್ಮಿ ಕೆಮ್ಮಿ ಹೊರಗೆ ಓಡುತ್ತಾರೆ. ಇಷ್ಟನ್ನು ಮರ್ಯಾದೆಯಿಂದ ಬರೆದೆ. "ಕಥೆಯ ಭಾವ ನೋಡಿ, ಮೆಣಸಿನಕಾಯಿ ನೋಡಬೇಡಿ" ಎಂದು ಉತ್ತರ ಬಂತು. ಆಮೇಲೆ ನನ್ನನ್ನು ಬ್ಲಾಕ್ ಮಾಡಿದರು.

ಬೇಸರವಾಗಿದ್ದು ಬ್ಲಾಕ್ ಮಾಡಿದ್ದಕ್ಕಲ್ಲ. ಆ ಕಥೆ ನನಗೆ ಇಷ್ಟವಾಗಿತ್ತು. ಇಷ್ಟವಾಗದ ಕಥೆಗೆ ನಾನು ಕಮೆಂಟ್ ಬರೆಯುವುದೇ ಇಲ್ಲ, ಮುಂದೆ ಹೋಗುತ್ತೇನೆ. ನಮ್ಮ ಊರಿನ ಹೆಸರು ಕಥೆಯಲ್ಲಿ ಕಂಡರೆ ಮನೆಯವರಿಗೆಲ್ಲ ಓದಿ ಹೇಳುತ್ತೇನೆ. ಓದುತ್ತಾ ಇರುವಾಗ ಶ್ರಾವಣದ ಮೆಣಸಿನಕಾಯಿ ಬಂದರೆ ನಮ್ಮಪ್ಪ "ಇವರು ಬ್ಯಾಡಗಿ ನೋಡಿಲ್ಲ" ಎನ್ನುತ್ತಾರೆ. ಅಲ್ಲಿಂದ ಮುಂದೆ ನಾಯಕಿ ಅತ್ತರೂ ಅವರು ನಂಬುವುದಿಲ್ಲ. ಭಾವ ಮುಟ್ಟಬೇಕಾದರೆ ಮೊದಲು ನಂಬಿಕೆ ಬರಬೇಕಲ್ಲ.

ಇದು ಕಥೆ ಬರೆಯುವವರೆಲ್ಲರಿಗೂ ನನ್ನ ಕೋರಿಕೆ. ಉದ್ದಕ್ಕೆ ಬರೆದ ಓದುಗರನ್ನು ಶತ್ರು ಎಂದು ತಿಳಿಯಬೇಡಿ.

ಲಕ್ಷ್ಮೇಶ್ವರ

ನಾನು ಒಪ್ಪುವುದಿಲ್ಲ. ಧಾರಾವಾಹಿ ಮುಗಿಯುವವರೆಗೆ ಕಮೆಂಟ್ ಓದಲೇಬಾರದು. ಒಂದು ಭಾಗ ಹಾಕುವುದು, ಹತ್ತು ಜನ ಹೇಳಿದ್ದು ಕೇಳುವುದು, ಮುಂದಿನ ಭಾಗದಲ್ಲಿ ಅವರನ್ನು ಮೆಚ್ಚಿಸುವುದು. ಹೀಗೆ ಮಾಡಿದರೆ ಕಥೆ ಯಾರದು? ನನಗೆ ಗೊತ್ತಿರುವ ಒಬ್ಬರು ಚೆನ್ನಾಗಿ ಬರೆಯುತ್ತಿದ್ದರು. ಅವರ ಕಥೆಯಲ್ಲಿ ಒಬ್ಬ ಮುದುಕ, ಯಾರಿಗೂ ಬೇಡವಾದವನು. ಓದುಗರು ಅಯ್ಯೋ ಪಾಪ ಎಂದರು. ಮುಂದಿನ ಭಾಗದಲ್ಲಿ ಅವನಿಗೆ ಹಳೆಯ ಗೆಳೆಯ ಸಿಕ್ಕ, ಅದರ ಮುಂದಿನದರಲ್ಲಿ ಆಸ್ತಿ ಸಿಕ್ಕಿತು. ಓದುಗರು ಖುಷಿಯಾದರು, ಕಥೆ ಸತ್ತಿತು.

ನಮ್ಮ ಗದುಗಿನ ಕುಮಾರವ್ಯಾಸ ಏನೆಂದ? "ಪದವಿಟ್ಟಳುಪದೊಂದಗ್ಗಳಿಕೆ" ಎಂದ. ಇಟ್ಟ ಪದ ಅಳಿಸಲಿಲ್ಲ. ಯಾರ ಒಪ್ಪಿಗೆಗೂ ಕಾಯಲಿಲ್ಲ. ಬರೆಯುವವರಿಗೆ ಅಷ್ಟು ಧೈರ್ಯ ಬೇಕು. ಮೊದಲು ಪೂರ್ತಿ ಬರೆದು ಮುಗಿಸಿ. ಆಮೇಲೆ ಯಾರು ಏನು ಬೇಕಾದರೂ ಹೇಳಲಿ.

ಸಾಧನಕೇರಿ ಮಾಸ್ತರ್

ಲಕ್ಷ್ಮೇಶ್ವರದವರು ಹೇಳಿದ ಮುದುಕನ ಕಥೆಯ ಮಾತು ಸರಿಯಾಗಿದೆ. ಓದುಗರ ಕರುಣೆಗೆ ಕಥೆ ಬಗ್ಗಬಾರದು. ಆದರೆ ಕುಮಾರವ್ಯಾಸನ ಮಾತನ್ನು ಇಷ್ಟಕ್ಕೆ ತರುವುದು ಸರಿಯಲ್ಲ ಎನ್ನಿಸುತ್ತದೆ. ಅದೇ ಕವಿ ವೀರನಾರಾಯಣನೇ ಕವಿ, ತಾನು ಬರೀ ಲಿಪಿಕಾರ ಎಂದೂ ಹೇಳಿದ್ದಾನೆ. ಅಂಥ ಸಮರ್ಪಣೆಯಿಂದ ಬಂದ ಅಗ್ಗಳಿಕೆ ಅದು. ಮತ್ತೊಂದು. ಗದುಗಿನ ಭಾರತ ಇಷ್ಟು ನೂರು ವರ್ಷ ನಿಂತಿದ್ದು ಜನರ ಮುಂದೆ ಓದಿದ್ದರಿಂದ. ಹಳ್ಳಿಯ ಗುಡಿಯಲ್ಲಿ, ಮನೆಯ ಪಡಸಾಲೆಯಲ್ಲಿ ಒಬ್ಬರು ರಾಗವಾಗಿ ಓದುವವರು, ಒಬ್ಬರು ಅರ್ಥ ಹೇಳುವವರು, ಸುತ್ತ ಕೇಳುವವರು. ಅಕ್ಷರ ಬಾರದವರೂ ಪದ್ಯ ಒಪ್ಪಿಸುತ್ತಿದ್ದರು.

ನಮ್ಮ ಭಾಗದಲ್ಲಿ ಬರೆದದ್ದನ್ನು ನಾಲ್ಕು ಜನರ ಮುಂದೆ ಇಡುವ ಪದ್ಧತಿ ಹಳೆಯದು. 1922ರ ಸುಮಾರಿಗೆ ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಕಟ್ಟಿತು. ಕವಿಗಳು, ವಿಮರ್ಶಕರು, ಸಂಶೋಧಕರು ಎಲ್ಲ ಅದರಲ್ಲಿದ್ದರು. ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನ ಶುರುಮಾಡಿದರು. ಧಾರವಾಡದ ಸುಭಾಸ ರಸ್ತೆಯ ಅದರ ಅಟ್ಟ ಇವತ್ತಿಗೂ ಬರೆಯುವವರಿಗೆ ಗೊತ್ತು. ಗದಗಿನಲ್ಲಿ ಹುಟ್ಟಿದ ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಆ ಅಟ್ಟದಲ್ಲಿ ಕೂತಿರುತ್ತಿದ್ದರು. ಗಿರೀಶ ಕಾರ್ನಾಡರ ಮೊದಲ ನಾಟಕ 1961ರಲ್ಲಿ ಅಲ್ಲಿಂದಲೇ ಹೊರಬಂತು. ಬರೆಯುವವರೂ ವಿಮರ್ಶಕರೂ ಒಂದೇ ಅಟ್ಟದಲ್ಲಿ ಕೂತು ಚಹಾ ಕುಡಿದ ಊರು ಇದು. ನಮಗೆ ಟೀಕೆ ಹೊಸದಲ್ಲ. ಹೊಸದಾಗಿರುವುದು ಮುಖ ಕಾಣದೆ ಟೀಕೆ ಬರುವುದು.

ಅದಕ್ಕೆ ನನ್ನ ಸಲಹೆ. ಆ್ಯಪ್‌ಗೆ ಹಾಕುವ ಮೊದಲು ಮುಖ ಕಾಣುವ ಮೂರು-ನಾಲ್ಕು ಜನರಿಗೆ ಓದಿಸಿ. ನಾವು ಕೆಲವರು ರವಿವಾರ ಸೇರುತ್ತೇವೆ. ನಮ್ಮಲ್ಲಿ ಒಂದು ಕಟ್ಟುಪಾಡು ಇದೆ. ಬರೆದವರು ತಮ್ಮ ಕಥೆಯನ್ನು ತಾವೇ ಓದುವಂತಿಲ್ಲ, ಬೇರೆಯವರು ಓದಬೇಕು. ಬರೆದವರು ಒಂದು ಪ್ರತಿ, ಒಂದು ಪೆನ್ಸಿಲ್ ಹಿಡಿದು ಸುಮ್ನೆ ಕೂರಬೇಕು. ಓದುವವರ ನಾಲಿಗೆ ಎಲ್ಲಿ ತೊಡರಿತು, ಎಲ್ಲಿ ವಾಕ್ಯವನ್ನು ಮತ್ತೆ ಮೊದಲಿಂದ ಓದಿದರು, ಕೇಳುವವರು ಎಲ್ಲಿ ಫೋನ್ ನೋಡಿದರು, ಎಲ್ಲಿ ಮುಂದಕ್ಕೆ ಬಾಗಿದರು, ಅಲ್ಲೆಲ್ಲ ಗುರುತು ಹಾಕಬೇಕು. ಬಾಯಿ ಬಿಡುವಂತಿಲ್ಲ. ನೀವೇ ಓದಿದರೆ ಧ್ವನಿಯಲ್ಲಿ ಎಲ್ಲ ತುಂಬಿಬಿಡುತ್ತೀರಿ, ಕಾಗದದ ಮೇಲೆ ಇಲ್ಲದ್ದೂ ಕೇಳುವವರಿಗೆ ತಲುಪುತ್ತದೆ.

ಓದಿ ಮುಗಿದ ಮೇಲೆ ಮೊದಲ ಸುತ್ತಿನಲ್ಲಿ ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವಂತಿಲ್ಲ. ಕಥೆಯಲ್ಲಿ ಏನು ನಡೆಯಿತು ಎಂದು ಪ್ರತಿಯೊಬ್ಬರೂ ತಮ್ಮ ಮಾತಿನಲ್ಲಿ ಹೇಳಬೇಕು. ಒಂದು ಸಲ ಒಬ್ಬರ ಕಥೆಯ ಕೊನೆಯಲ್ಲಿ ಅಜ್ಜ ತೀರಿಕೊಂಡಿದ್ದ. ಕೇಳಿದವರಲ್ಲಿ ಅರ್ಧ ಜನ ಅಜ್ಜ ಪಂಢರಪುರಕ್ಕೆ ಹೋದ ಎಂದರು. ಬರೆದವರಿಗೆ ಅದಕ್ಕಿಂತ ದೊಡ್ಡ ವಿಮರ್ಶೆ ಬೇಕಾಗಲಿಲ್ಲ. ಯಾರೂ ಅವರನ್ನು ಬೈಯಲಿಲ್ಲ, ಹೊಗಳಲಿಲ್ಲ. ಮನೆಗೆ ಹೋಗಿ ಕೊನೆಯ ಪುಟ ಮತ್ತೆ ಬರೆದು ತಂದರು.

ಉಣಕಲ್ ದಂಡೆ

ಮಾಸ್ತರೇ, ಈ ಪದ್ಧತಿ ನನಗೆ ಬಹಳ ಹಿಡಿಸಿತು. ಏನು ನಡೆಯಿತು ಎಂದು ಹೇಳಿಸುವುದನ್ನು ಆಫೀಸಿನ ಗೆಳತಿಯರ ಜೊತೆ ಮಾಡಿ ನೋಡುತ್ತೇನೆ.

ಮಾತಿನ ವಿಷಯಕ್ಕೆ ಯಾರೂ ಬರಲಿಲ್ಲ. ಬೆಂಗಳೂರಿನವರಿಗೆ ತಿಳಿಯಬೇಕು, ಬೆಟಗೇರಿಯವರಿಗೆ ಖರೇ ಅನ್ನಿಸಬೇಕು. ಎರಡೂ ಆಗುತ್ತದೆಯೇ? ಕೆಲವರು ಎಲ್ಲ ಪುಸ್ತಕದ ಭಾಷೆಗೆ ತಿರುಗಿಸು ಅನ್ನುತ್ತಿದ್ದಾರೆ. ಹಾಗೆ ಮಾಡಿದರೆ ಅಪ್ಪ ನನಗೇ ಪರಕೀಯ ಅನ್ನಿಸುತ್ತಾನೆ.

ನವಲಗುಂದ ಕಪ್ಪುಮಣ್ಣು

ತಿರುಗಿಸಬೇಡಿ. ಧಾರವಾಡದ ಮಾತಿನಲ್ಲಿ ಬಂದ ಬೇಂದ್ರೆಯವರ ಹಾಡುಗಳನ್ನು ಮೈಸೂರು, ಮಂಗಳೂರಿನವರೂ ಹಾಡುತ್ತಾರೆ. ತಿಳಿಯದೆ ಹಾಡುತ್ತಾರೆಯೇ?

ಆದರೆ ಗದಗಿನ ಓದುಗರ ಮಾತನ್ನು ತಳ್ಳಿಹಾಕಬೇಡಿ. ಹುಬ್ಬಳ್ಳಿಯ ಮಾತು ಬೇರೆ, ಬೆಟಗೇರಿಯ ಮಾತು ಬೇರೆ. ಒಂದೇ ಮನೆಯಲ್ಲಿ ಅಜ್ಜಿ ಒಂದು ತರಹ, ಕಾಲೇಜಿಗೆ ಹೋಗುವ ಮಗಳು ಒಂದು ತರಹ ಮಾತಾಡುತ್ತಾರೆ. ಹೊಸದಾಗಿ ಬರೆಯುವವರ ಕಥೆಯಲ್ಲಿ ಎಲ್ಲರೂ ಒಂದೇ ತರಹ "ಹೋಗ್ತೇನಿ, ಬರ್ತೇನಿ, ಏನ್ ಮಾಡ್ಲಿ ಯವ್ವಾ" ಎನ್ನುತ್ತಾರೆ. ಸಿನಿಮಾದಲ್ಲಿ ಉತ್ತರ ಕರ್ನಾಟಕದವರನ್ನು ತೋರಿಸುವ ಹಾಗೆ. ಓದುಗರಿಗೆ ಖರೇ ಅನ್ನಿಸದಿರುವುದು ಅಲ್ಲಿ. ನಾನು ನಿರೂಪಣೆಯನ್ನು ಸರಳ ಕನ್ನಡದಲ್ಲಿ ಇಡುತ್ತೇನೆ, ಮಾತು ಮಾತ್ರ ನಮ್ಮ ಕಡೆಯದು. ಮಾತನ್ನೂ ಕೇಳಿಸಿದಂತೆ ಅಕ್ಷರಕ್ಕೆ ಅಕ್ಷರ ಬರೆಯುವುದಿಲ್ಲ, ಓದುವವರ ಕಣ್ಣಿಗೆ ತ್ರಾಸ. ಆ ಊರಿನ ಒಬ್ಬರಿಗೆ ಫೋನ್ ಮಾಡಿ ಬರೀ ಸಂಭಾಷಣೆ ಓದಿ ಹೇಳುತ್ತೇನೆ. "ನಮ್ಮಲ್ಲಿ ಹಿಂಗ ಅನ್ನಂಗಿಲ್ಲ" ಎಂದರೆ ಬದಲಿಸುತ್ತೇನೆ. ಈ ಒಂದು ವಿಷಯದಲ್ಲಿ ಆ ಊರಿನ ಓದುಗರ ಮಾತಿಗೆ ಮೇಲ್ಮನವಿ ಇಲ್ಲ.

ಬೆಂಗಳೂರಿನ ಓದುಗರಿಗೆ ಒಂದು ಸಾಲು ತಿಳಿಯದಿದ್ದರೆ ಅದು ಕಥೆಗೆ ಅಡ್ಡಿಯಲ್ಲ. ದೃಶ್ಯವೇ ತಿಳಿಯದಿದ್ದರೆ ಅಡ್ಡಿ. ಅವರನ್ನೇ ಕೇಳಿ, ಯಾವ ಸಾಲು ಎಂದು. ಹೆಚ್ಚಿನವರು ಸಂತೋಷದಿಂದ ಹೇಳುತ್ತಾರೆ.

ಸಾಧನಕೇರಿ ಮಾಸ್ತರ್

ಇದಕ್ಕೆ ಕಾಲದ ವಿಷಯವನ್ನೂ ಸೇರಿಸಿ. 1985ರಲ್ಲಿ ನಡೆಯುವ ಒಂದು ಕಥೆಯಲ್ಲಿ ಗದಗಿನ ಜಿಲ್ಲಾಧಿಕಾರಿಗಳಿಗೆ ಅರ್ಜಿ ಕೊಡುವ ಸಂದರ್ಭ ಓದಿದೆ. ಗದಗ, ಹಾವೇರಿ ಜಿಲ್ಲೆಯಾಗಿದ್ದು 1997ರಲ್ಲಿ. ಅದಕ್ಕೂ ಮೊದಲು ಎಲ್ಲರೂ ಧಾರವಾಡಕ್ಕೇ ಬರಬೇಕಿತ್ತು. ಹಾವೇರಿಯ ಮುದುಕನೊಬ್ಬ ಒಂದು ಅರ್ಜಿಗಾಗಿ ಬಸ್ ಹಿಡಿದು ಧಾರವಾಡಕ್ಕೆ ಬಂದು, ಸಾಹೇಬರು ಸಿಗದೆ ವಾಪಸ್ ಹೋಗುವುದು ಎಂಥ ಕಥೆ! ತಪ್ಪು ತೋರಿಸಿದ ಓದುಗರು ಕೆಲವು ಸಲ ನಮಗೆ ಇನ್ನೊಂದು ದೃಶ್ಯವನ್ನೇ ಕೊಟ್ಟು ಹೋಗುತ್ತಾರೆ.

ಗೋಕುಲ ರೋಡ್

ಹೌದು ಸರ್. ಹುಬ್ಬಳ್ಳಿ ಸ್ಟೇಷನ್ನಿನ ಆ ಉದ್ದದ ಪ್ಲಾಟ್‌ಫಾರ್ಮ್ ಕೂಡ ಹಾಗೆಯೇ. 1507 ಮೀಟರಿನದು 2023ರಲ್ಲಿ ಉದ್ಘಾಟನೆಯಾಯಿತು. ತೊಂಬತ್ತರ ದಶಕದ ಪ್ರೇಮಿಗಳನ್ನು ಅದರ ತುದಿಯಿಂದ ತುದಿಗೆ ಓಡಿಸುವ ಕಥೆಗಳು ಬರುತ್ತಿವೆ. ಹೇಳಿದರೆ ಕೆಲವರು ಸಿಟ್ಟಾಗುತ್ತಾರೆ, ಕೆಲವರು ಥ್ಯಾಂಕ್ಸ್ ಹೇಳಿ ತಿದ್ದುತ್ತಾರೆ. ಎರಡನೆಯವರ ಮುಂದಿನ ಕಥೆಯನ್ನು ನಾನು ಕಾದು ಓದುತ್ತೇನೆ.

ರಾಣೆಬೆನ್ನೂರು ಅಕ್ಕ

ತಂಗಿ, ನಿನ್ನ ವೈನಿಯ ವಿಷಯ ಉಳಿಯಿತು. ಉಳಿದ ಎಲ್ಲಕ್ಕಿಂತ ಅದು ಕಷ್ಟದ್ದು ಎಂದು ನನಗೆ ಗೊತ್ತು. ಆ್ಯಪ್‌ನವರನ್ನು ಬಿಡಬಹುದು, ಮನೆಯವರನ್ನು ಬಿಡಲಾಗುವುದಿಲ್ಲ.

"ಅದು ನೀವಲ್ಲ" ಎಂದು ಹೇಳಿದರೆ ಯಾರೂ ನಂಬುವುದಿಲ್ಲ. ಅವರಿಗೆ ಯಾವ ಮಾತು ಚುಚ್ಚಿತು ಎಂದು ಕೇಳು. ಸುಮ್ನೆ ಕೇಳಿಸಿಕೋ. ಬಹಳ ಸಲ ಇಡೀ ಪಾತ್ರ ಅಲ್ಲ, ಒಂದು ಸಣ್ಣ ಗುರುತು ಇರುತ್ತದೆ. ಅವರದೇ ತವರಿನ ಊರು, ಅವರು ಉಡುವ ಸೀರೆಯ ಬಣ್ಣ, ಅವರು ಮಾತ್ರ ಆಡುವ ಒಂದು ಮಾತು. ಅದನ್ನು ತೆಗೆದರೆ ಕಥೆಗೆ ಏನೂ ಆಗುವುದಿಲ್ಲ ಎಂದಾದರೆ ತೆಗೆದುಬಿಡು. ಮನೆಯಲ್ಲಿ ನಂಬಿಕೆಯಿಂದ ಹೇಳಿದ ಗುಟ್ಟು ಕಥೆಗೆ ಬಂದಿದ್ದರೆ ಅದನ್ನೂ ತೆಗೆ, ಎಷ್ಟೇ ಚೆನ್ನಾಗಿ ಬಂದಿರಲಿ. ಆದರೆ ಎಲ್ಲ ಅತ್ತಿಗೆಯರೂ ಒಳ್ಳೆಯವರಾಗಿಯೇ ಇರಬೇಕು ಎಂಬ ಒತ್ತಾಯಕ್ಕೆ ಒಪ್ಪಬೇಡ. ಹಾಗೆ ಬರೆದರೆ ಕಥೆ ಇರುವುದಿಲ್ಲ.

ಹೆಣ್ಣುಮಕ್ಕಳು ಬರೆದರೆ ಇನ್ನೊಂದು ತರಹದ ಕಮೆಂಟ್ ಬರುತ್ತದೆ, ಅದನ್ನೂ ಹೇಳಿಬಿಡುತ್ತೇನೆ. "ಇಷ್ಟೆಲ್ಲ ಗೊತ್ತಿದೆ ಅಂದರೆ ನಿಮಗೂ ಹೀಗೇ ಆಗಿತ್ತಾ?", "ನಿಮ್ಮ ಯಜಮಾನರು ಓದುತ್ತಾರಾ?", ಮೆಸೇಜಿಗೆ ಬಂದು ನಂಬರ್ ಕೇಳುವುದು. ಇದು ಟೀಕೆ ಅಲ್ಲ, ಇದಕ್ಕೆ ಉತ್ತರವೂ ಬೇಡ, ಸಹನೆಯೂ ಬೇಡ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಬ್ಲಾಕ್ ಮಾಡು, ರಿಪೋರ್ಟ್ ಮಾಡು. ಎಲ್ಲ ಟೀಕೆಯನ್ನೂ ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದು ಹೇಳುವವರಿಗೆ ಈ ಕಮೆಂಟುಗಳು ಬರುವುದಿಲ್ಲ.

ಲಕ್ಷ್ಮೇಶ್ವರ

ಅಕ್ಕನ ಕೊನೆಯ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಮಾಸ್ತರು ಹೇಳಿದ ಓದಿಸುವ ಪದ್ಧತಿಗೂ ಒಪ್ಪಿಗೆ. ನನ್ನ ವಿರೋಧ ಧಾರಾವಾಹಿ ನಡೆಯುತ್ತಿರುವಾಗ ಕಥೆಯ ದಾರಿ ಬದಲಿಸುವುದಕ್ಕೆ. ಅದರಲ್ಲಿ ನಾನು ಹಿಂದೆ ಸರಿಯುವುದಿಲ್ಲ. ಮಗ್ಗ ತಿದ್ದಿ, ಮಾತು ತಿದ್ದಿ, ಕಾಲ ತಿದ್ದಿ. ಮಗ ವಾಪಸ್ ಬರಬೇಕೋ ಬೇಡವೋ ಅದನ್ನು ಬರೆಯುವವರೇ ನಿರ್ಧರಿಸಬೇಕು.

ಹಾನಗಲ್ ಹುಡುಗ

ನಿಮಗೆಲ್ಲ ಟೀಕೆಯಾದರೂ ಬರುತ್ತಿದೆ. ನನ್ನ ಕಥೆಗಳಿಗೆ ಏನೂ ಬರುವುದಿಲ್ಲ. ಆ್ಯಪ್‌ನಲ್ಲಿ ಓದಿದವರ ಸಂಖ್ಯೆ ಕಾಣುತ್ತದೆ, ಒಂದು ಅಕ್ಷರ ಇಲ್ಲ. ಪತ್ರಿಕೆಗೆ ಕಳಿಸಿದರೆ ಉತ್ತರವೇ ಇಲ್ಲ. ಚೆನ್ನಾಗಿಲ್ಲ ಎಂದಾದರೂ ಹೇಳಿದರೆ ಏನು ತಿದ್ದಬೇಕು ಗೊತ್ತಾಗುತ್ತಿತ್ತು. ಬರೆಯುವುದು ನಿಲ್ಲಿಸಬೇಕೇ?

ಸಾಧನಕೇರಿ ಮಾಸ್ತರ್

ತಮ್ಮಾ, ಪತ್ರಿಕೆಯ ಮೌನವನ್ನು ತೀರ್ಪು ಎಂದು ತಿಳಿಯಬೇಡ. ಅವರಿಗೆ ಬರುವ ಕಥೆ ಬಹಳ, ಇರುವ ಪುಟ ಕಡಿಮೆ, ಪ್ರತಿಯೊಬ್ಬರಿಗೂ ಕಾರಣ ಬರೆಯಲು ಆಗುವುದಿಲ್ಲ. ಅವರು ಹೇಳಿದ ಅವಧಿ ಮುಗಿದ ಮೇಲೆ ಬೇರೆ ಕಡೆ ಕಳಿಸು. ಒಂದೇ ಕಥೆಯನ್ನು ಏಕಕಾಲಕ್ಕೆ ಎರಡು ಕಡೆ ಮಾತ್ರ ಕಳಿಸಬೇಡ.

ನಿಮ್ಮ ಹಾವೇರಿ ಜಿಲ್ಲೆಯವರೇ ಗಳಗನಾಥರು. ಕನ್ನಡದಲ್ಲಿ ಕಾದಂಬರಿ ಓದುವ ಜನವೇ ಕಡಿಮೆ ಇದ್ದ ಕಾಲದಲ್ಲಿ ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಓದುಗರು ಬರಲಿ ಎಂದು ಕಾಯಲಿಲ್ಲ, ಬಾಗಿಲಿಗೆ ಹೋದರು. ನೀನೂ ಓದುಗರನ್ನು ಹುಡುಕಬೇಕು. ಸುಮ್ನೆ "ನನ್ನ ಕಥೆ ಓದಿ" ಎಂದರೆ ಯಾರೂ ಓದುವುದಿಲ್ಲ. ಮೊದಲು ಇನ್ನೊಬ್ಬರ ಕಥೆ ಓದಿ ಅದರ ಬಗ್ಗೆ ನಾಲ್ಕು ಸಾಲು ಗಮನವಿಟ್ಟು ಬರೆ. ಬರೆದವರು ನಿನ್ನನ್ನು ಹುಡುಕಿಕೊಂಡು ಬರುತ್ತಾರೆ. ಕೇಳುವಾಗ "ಹೇಗಿದೆ?" ಎಂದು ಕೇಳಬೇಡ, ಚೆನ್ನಾಗಿದೆ ಎಂದು ಹೇಳಿ ಮುಗಿಸುತ್ತಾರೆ. "ಎಲ್ಲಿ ಬೇಸರ ಬಂತು? ಎಲ್ಲಿ ಓದು ನಿಲ್ಲಿಸಿ ಎದ್ದಿರಿ?" ಎಂದು ಕೇಳು.

ಉಣಕಲ್ ದಂಡೆ

ಎಲ್ಲರಿಗೂ ಧನ್ಯವಾದ. ಜಗಳದ ಭಾಗವನ್ನು ಮತ್ತೆ ಬರೆದೆ. ಈಗ ಮಗ ಅಂಗಡಿಗೆ ಮುಂಗಡ ಕೊಟ್ಟು ಬಂದಿದ್ದೇನೆ ಅನ್ನುತ್ತಾನೆ. ಅಪ್ಪ ಏನೂ ಹೇಳುವುದಿಲ್ಲ, ಬಡಿತ ಜೋರಾಗುತ್ತದೆ. "ಎಷ್ಟು ಕೊಟ್ಟಿ?" ಅನ್ನುತ್ತಾನೆ. ಎಳೆ ಹರಿಯುತ್ತದೆ. ಮಗ್ಗ ನಿಲ್ಲುತ್ತದೆ. ಅಪ್ಪ ಬಾಗಿ ತುದಿ ಹುಡುಕುತ್ತಾನೆ, ಕಣ್ಣಿಗೆ ಕಾಣಿಸುವುದಿಲ್ಲ. ಸೊಸೆ ಕಂಡಿಕೆ ಸುತ್ತುವುದನ್ನು ಬಿಟ್ಟು ಎದ್ದು ಬರುತ್ತಾಳೆ. ಎರಡು ಪುಟದ ಭಾಷಣ ಹೋಯಿತು. ಬರೆದಾಗ ಕಷ್ಟಪಟ್ಟ ಸಾಲುಗಳು ಅವು, ತೆಗೆಯುವಾಗ ಸಂಕಟವಾಯಿತು. ಆದರೆ ಗೆಳತಿಗೆ ಓದಲು ಕೊಟ್ಟೆ. ಎಳೆ ಹರಿದ ಜಾಗದಲ್ಲಿ ಅವಳು ಓದುವುದು ನಿಲ್ಲಿಸಿ ನನ್ನ ಮುಖ ನೋಡಿದಳು.

ಒಂದು ಪ್ರಶ್ನೆ. ಹಳೆಯ ಭಾಗದ ಜಾಗದಲ್ಲೇ ಇದನ್ನು ಹಾಕಲೇ? ಆ ಕಮೆಂಟ್ ಬರೆದವರಿಗೆ ಏನು ಹೇಳಲಿ?

ಬೆಟಗೇರಿ ಗುಂಡಿಮಗ್ಗ

ಓದಿ ಮೈ ಜುಮ್ಮೆಂದಿತು ಅಕ್ಕಾ. ಅಪ್ಪನಿಗೂ ಓದಿ ಹೇಳಿದೆ. ಅವರದು ಒಂದೇ ಮಾತು: ಗಂಟನ್ನು ಸೊಸೆ ಹಾಕಿದರೂ ಮತ್ತೆ ಶುರು ಮಾಡುವ ಮೊದಲು ಅಪ್ಪ ಬೆರಳಿಂದ ಮುಟ್ಟಿ ನೋಡಬೇಕು. ಯಾವ ನೇಕಾರನೂ ನೋಡದೆ ಬಿಡುವುದಿಲ್ಲ.

ರಾಣೆಬೆನ್ನೂರು ಅಕ್ಕ

ಅದೇ ಜಾಗದಲ್ಲಿ ಹಾಕು. ಪ್ರಕಟವಾದ ಭಾಗವನ್ನು ತಿದ್ದಬಹುದು. ಮೇಲೆ "ಓದುಗರ ಸಲಹೆಯ ಮೇಲೆ ಈ ಭಾಗವನ್ನು ಮತ್ತೆ ಬರೆದಿದ್ದೇನೆ" ಎಂದು ಒಂದು ಸಾಲು ಇರಲಿ. ಇಲ್ಲವಾದರೆ ಕೆಳಗಿರುವ ಹಳೆಯ ಕಮೆಂಟುಗಳು ಹೊಸ ಓದುಗರಿಗೆ ಅರ್ಥವಾಗುವುದಿಲ್ಲ. ಆ ಕಮೆಂಟ್ ಬರೆದವರಿಗೆ ಉದ್ದಕ್ಕೆ ಏನೂ ಬರೆಯಬೇಡ. "ಮಗ್ಗದ ಬಗ್ಗೆ ನೀವು ಹೇಳಿದ್ದು ಸರಿ, ತಿದ್ದಿದ್ದೇನೆ, ಬಿಡುವಾದಾಗ ನೋಡಿ" ಎಂದರೆ ಸಾಕು. ಸ್ಟಾರ್ ಜಾಸ್ತಿ ಮಾಡಿ ಎಂದು ಮಾತ್ರ ಕೇಳಬೇಡ.

ಬ್ಯಾಡಗಿ ಪೇಟೆ

ಹಾನಗಲ್ ತಮ್ಮಾ, ನಿನ್ನ ಪ್ರೊಫೈಲಿಗೆ ಹೋಗಿ ಮೊದಲ ಕಥೆ ಓದಿದೆ. ಭತ್ತದ ಗದ್ದೆ, ಅಜ್ಜಿ, ಮೊಮ್ಮಗ ಇರುವುದು. ಶುರುವಿನಲ್ಲಿ ಊರಿನ ವರ್ಣನೆ ಬಹಳ ಉದ್ದವಾಯಿತು, ಅಲ್ಲಿ ಒಮ್ಮೆ ಎದ್ದು ಹೋಗಿ ಚಹಾ ಕುಡಿದು ಬಂದೆ. ಅಜ್ಜಿ ಬಂದ ಮೇಲೆ ಏಳಲಿಲ್ಲ. ಆಕೆ ಮೊಮ್ಮಗನ ಚಪ್ಪಲಿಯ ಕೆಸರನ್ನು ಕಡ್ಡಿಯಿಂದ ತೆಗೆಯುವುದು ಚೆನ್ನಾಗಿ ಬಂದಿದೆ. ಆಮೇಲೆ ಮಾವ ಬರುತ್ತಾನೆ, ಅವನು ಅಜ್ಜಿಯ ಮಗನೋ ಅಳಿಯನೋ ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಹೊಲ ಮಾರುವ ಮಾತು ಬಂದಾಗ ಅದು ಗೊತ್ತಿರಲೇಬೇಕು. ಇಷ್ಟು ನೋಡು. ಎರಡನೆಯ ಕಥೆಯನ್ನು ನಾಳೆ ಓದುತ್ತೇನೆ.